ಅತ್ತೆ ಕಾದ ಡಾಕ್ಟರು

ನಾನು ಡಾಕ್ಟರಲ್ಲ. ಡಾಕ್ಟರಿಕೆ ಓದುತ್ತಿರುವವಳೂ ಅಲ್ಲ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಕೊಪ್ಪದ ಬಸ್‌ಸ್ಟಾಪಿನಲ್ಲಿ ಹೇಳಿದ್ದೇನೆ, ಪಿರಿಯಾಪಟ್ಟಣದ ಬ್ಯಾಂಕಿನಲ್ಲಿ ಹೇಳಿದ್ದೇನೆ, ಹುಣಸೂರಿನ ಮದುವೆ ಛತ್ರದಲ್ಲಿ ಕೈಯಲ್ಲಿ ಅಕ್ಷತೆ ಹಿಡಿದುಕೊಂಡೇ ಹೇಳಿದ್ದೇನೆ. ಕೇಳಿದವರು ತಲೆಯಾಡಿಸಿ, ‘ಸರಿ ಬುಡವ್ವ, ಇನ್ನೂ ಓದು ಮುಗ್ದಿಲ್ಲ ಅಲ್ವಾ’ ಅನ್ನುತ್ತಾರೆ. ಅಂದು ಮುಗಿಸಿ ಮೊಣಕಾಲನ್ನು ನನ್ನ ಮುಂದೆ ಚಾಚಿ, ‘ಇಲ್ಲೇ ಕಣವ್ವ, ಮೆಟ್ಲತ್ತುವಾಗ ಚುಳುಕ್ ಅಂತದೆ’ ಅನ್ನುತ್ತಾರೆ.

ನಾನು ಓದುತ್ತಿರುವುದು ಅಂತಾರಾಷ್ಟ್ರೀಯ ಸಂಬಂಧಗಳ ಬಿ.ಎ. ಓದುತ್ತಿರುವ ಊರು ಜಾರ್ಜಿಯಾ ದೇಶದ ತ್ಬಿಲಿಸಿ. ನಮ್ಮ ಕಡೆಯಿಂದ ಪಿಯುಸಿ ಮುಗಿಸಿ ಆ ದೇಶಕ್ಕೆ ಹೋಗುವವರೆಲ್ಲ ಎಂಬಿಬಿಎಸ್‌ಗೆ ಹೋಗುವವರೇ. ಇಲ್ಲಿ ಸೀಟು ಸಿಗಲಿಲ್ಲ ಅಂದರೆ ಅಲ್ಲಿ. ಹಾಗಾಗಿ ನಮ್ಮ ಜನಕ್ಕೆ ಜಾರ್ಜಿಯಾ ಅನ್ನುವುದು ಒಂದು ದೇಶವೇ ಅಲ್ಲ, ಎಲ್ಲೋ ದೂರದಲ್ಲಿರುವ ದೊಡ್ಡ ಮೆಡಿಕಲ್ ಕಾಲೇಜು. ಮೈಸೂರಿನ ಏಜೆಂಟನ ಆಫೀಸಿನಲ್ಲಿ ಮೆಡಿಕಲ್ ಅಲ್ಲ ಅಂತ ನಾನು ಬಾಯಿಬಿಟ್ಟು ಹೇಳಿದ ಮೇಲೂ ಅವನು, ‘ಮೆಡಿಕಲ್ಲೇ ತಾನೇ?’ ಅಂತ ಅಪ್ಪನ ಮುಖ ನೋಡಿ ಇನ್ನೊಂದು ಸಲ ಕೇಳಿದ್ದ.

ನಾನು ಹೊರಡುವ ವಾರ ಅಪ್ಪನ ಸ್ನೇಹಿತರು ಸೇರಿ ಊರ ಮುಂದೆ ಒಂದು ಫ್ಲೆಕ್ಸ್ ಕಟ್ಟಿಸಿದರು. ನಮ್ಮ ಕಡೆ ಶಬರಿಮಲೆಗೆ ಹೊರಟರೂ ಫ್ಲೆಕ್ಸ್, ಸೊಸೈಟಿ ಎಲೆಕ್ಷನ್ ಗೆದ್ದರೂ ಫ್ಲೆಕ್ಸ್, ಸತ್ತರೂ ಫ್ಲೆಕ್ಸ್. ಪ್ರಿಂಟ್ ಅಂಗಡಿಯವನ ಬಳಿ ಯಾರೋ ಮೆಡಿಕಲ್ ಹುಡುಗಿಗೆ ಮಾಡಿದ್ದು ಸಿದ್ಧವಿತ್ತಂತೆ. ಅವಳ ಮುಖ ತೆಗೆದು ನನ್ನ ಮುಖ ಕೂರಿಸಿದ. ಬಿಳಿ ಕೋಟು, ಕುತ್ತಿಗೆಯ ಸ್ಟೆತಾಸ್ಕೋಪು ಎಲ್ಲ ಅವಳದ್ದೇ. ‘ವೈದ್ಯಕೀಯ ಶಿಕ್ಷಣಕ್ಕಾಗಿ ವಿದೇಶಕ್ಕೆ ತೆರಳುತ್ತಿರುವ ನಮ್ಮೂರ ಹೆಮ್ಮೆಯ ಕುವರಿಗೆ ಹಾರ್ದಿಕ ಶುಭಾಶಯಗಳು.’ ನಾನು ಎಗರಾಡಿದೆ. ಈಗಲೇ ಬಿಚ್ಚಿಸು ಅಂದೆ. ಅಪ್ಪ ಅದರ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಲೇ ಇದ್ದ.

‘ಇರ್ಲಿ ಬುಡವ್ವ. ಜನ ಪ್ರೀತಿಯಿಂದ ಕಟ್ಟವ್ರೆ. ನೀನು ಓದಕ್ಕೋಯ್ತಿರೋದು ಏನು ಅಂತ ನಾನು ಯಾರ್ಗೆ ಅಂತ ಬಿಡ್ಸಿ ಹೇಳ್ಲಿ?’

ಅಪ್ಪ ಸುಳ್ಳು ಹೇಳುವವನಲ್ಲ. ಅವತ್ತೂ ಅವನು ಸುಳ್ಳು ಹೇಳಲಿಲ್ಲ, ಸುಮ್ಮನಿದ್ದ ಅಷ್ಟೆ. ನಾನು ಬೈದುಕೊಂಡೇ ವಿಮಾನ ಹತ್ತಿದೆ.

ಈ ಓದಿನ ಹುಚ್ಚು ನನಗೆ ಹತ್ತಿದ್ದು ಮನೆ ಹಿಂದೆಯೇ. ನಮ್ಮ ಹೊಲ ದಾಟಿದರೆ ಟಿಬೆಟಿನವರ ಕ್ಯಾಂಪು. ಕೊಪ್ಪದ ಟ್ಯೂಷನ್ನಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಕ್ಯಾಂಪಿನ ಹುಡುಗಿ ನನಗಿಂತ ಚೆನ್ನಾಗಿ ಕನ್ನಡದಲ್ಲಿ ಬೈಯುತ್ತಿದ್ದಳು. ಅವಳು ಇಲ್ಲೇ ಹುಟ್ಟಿದವಳು, ಅವಳ ಅಮ್ಮನೂ ಇಲ್ಲೇ ಹುಟ್ಟಿದವಳು. ಆದರೂ ಮಾತಿನ ನಡುವೆ ‘ನಾವು ನಮ್ಮ ದೇಶಕ್ಕೆ ಹೋದ್ಮೇಲೆ’ ಅನ್ನುತ್ತಿದ್ದಳು, ನಾಳೆ ಬೆಳಗ್ಗೆಯ ಬಸ್ಸಿಗೆ ಹೊರಡುವವಳ ಹಾಗೆ. ಕಾಲಡಿಯ ನೆಲ ಒಂದು, ದೇಶ ಇನ್ನೊಂದು ಆಗುವುದು ಹೇಗೆ ಅಂತ ನಾನು ತಲೆ ಕೆಡಿಸಿಕೊಂಡೆ. ಅದನ್ನೇ ಪಾಠ ಮಾಡುವ ಕಾಲೇಜುಗಳಿವೆ ಅಂತ ಗೊತ್ತಾದ ಮೇಲೆ ಬೇರೆ ಏನೂ ಬೇಡ ಅಂತ ಹಟ ಹಿಡಿದೆ.

ಹಟ ಮೊದಲನೇ ಚಳಿಗಾಲಕ್ಕೇ ಇಳಿಯಿತು. ಹಾಸ್ಟೆಲಿನ ತುಂಬ ಮೆಡಿಕಲ್ ಹುಡುಗಿಯರು. ಅವರ ಗೋಡೆಗಳ ಮೇಲೆ ಎಲುಬಿನ ಚಿತ್ರ, ನನ್ನ ಗೋಡೆಯ ಮೇಲೆ ಭೂಪಟ. ಅವರು ರಾತ್ರಿ ಊಟಕ್ಕೆ ಕೂತಾಗ ನರಗಳ ಹೆಸರು ಒಪ್ಪಿಸುತ್ತಿದ್ದರು. ನಾನು ಒಂದೇ ಪುಟವನ್ನು ಮೂರು ಸಲ ಓದಿ, ಇಂಗ್ಲಿಷಿನ ಒಂದು ವಾಕ್ಯ ಎಲ್ಲಿ ಮುಗಿಯುತ್ತದೆ ಅಂತ ಹುಡುಕುತ್ತಿದ್ದೆ. ಒಂದು ವರ್ಷ ತಲೆ ಚಚ್ಚಿಕೊಂಡ ಮೇಲೆ ನನಗೆ ಅರ್ಥವಾದದ್ದು ಇಷ್ಟು: ದೇಶಗಳಿಗೆ ಬುದ್ಧಿ ಹೇಳುವ ಯಜಮಾನ ಮೇಲೆ ಯಾರೂ ಇಲ್ಲ, ಹಾಗಾಗಿ ಎಲ್ಲವೂ ಎಲ್ಲದಕ್ಕೂ ಹೆದರಿಕೊಂಡಿರುತ್ತವೆ. ಇಷ್ಟು ಹೇಳಲು ಅಷ್ಟು ದಪ್ಪದ ಪುಸ್ತಕಗಳು!

ತರಗತಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ದೇಶ ಕೊಟ್ಟು ಸಂಧಾನದ ಅಭ್ಯಾಸ ಮಾಡಿಸುತ್ತಿದ್ದರು. ನನಗೆ ಸಮುದ್ರದ ನಡುವಿನ ಒಂದು ಚಿಕ್ಕ ದ್ವೀಪ ಬಂತು. ನೀರು ಏರುತ್ತಿದೆ, ಮುಳುಗುತ್ತಿದ್ದೇವೆ ಅಂತ ಹೇಳುವುದು ನನ್ನ ಕೆಲಸ. ರಾತ್ರಿಯೆಲ್ಲ ಕೂತು ಬರೆದುಕೊಂಡು ಹೋಗಿದ್ದೆ. ನಾನು ಎದ್ದು ನಿಂತ ಹೊತ್ತಿಗೆ ದೊಡ್ಡ ದೇಶಗಳೆಲ್ಲ ಕಾಫಿ ಕುಡಿಯಲು ಹೋಗಿದ್ದವು.

ಗಡಿಗಳ ಬಗ್ಗೆ ಪಾಠ ಮಾಡುತ್ತಿದ್ದ ಮೇಡಂ ಚಿಕ್ಕವರಿದ್ದಾಗ ಯುದ್ಧದಲ್ಲಿ ಮನೆ ಬಿಟ್ಟು ಬಂದವರು. ಆ ಊರು ಅದೇ ದೇಶದ ಭೂಪಟದಲ್ಲಿದೆ, ಆದರೆ ಅವರು ಅಲ್ಲಿಗೆ ಹೋಗುವಂತಿಲ್ಲ. ಅದನ್ನು ಅವರು ಒಮ್ಮೆ ಮಾತ್ರ, ಹಾಜರಿ ಕೂಗುವ ದನಿಯಲ್ಲಿ ಹೇಳಿ ಮುಂದಿನ ಪುಟ ತಿರುಗಿಸಿದರು. ಅವತ್ತು ಈ ಓದು ನನ್ನದೇ ಅನ್ನಿಸಿತ್ತು. ಶನಿವಾರ, ಭಾನುವಾರ ಅಲ್ಲಿನ ಒಂದು ಇಂಡಿಯನ್ ಹೋಟೆಲಿನಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಸೋಮವಾರ ಕೈಯ ವಾಸನೆ ಹೋಗದೆ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ. ಎರಡು ವರ್ಷದಲ್ಲಿ ನನಗೆ ಹೆಚ್ಚು ನೆನಪಿರುವುದು ಪಾಠಕ್ಕಿಂತ ಸುಸ್ತು.

ಎರಡನೇ ವರ್ಷ ಮುಗಿಸಿ ಜುಲೈನಲ್ಲಿ ಊರಿಗೆ ಬಂದೆ. ಹೊಗೆಸೊಪ್ಪು ಕೊಯ್ದು ಬೇಯಿಸುವ ಕಾಲ. ಹೊಲದಿಂದ ಹಸಿ ಎಲೆ ಬಂದು ಬೀಳುತ್ತದೆ, ಹೆಂಗಸರು ಚಪ್ಪರದ ಕೆಳಗೆ ಸಾಲಾಗಿ ಕೂತು ಎಲೆಗಳನ್ನು ಉದ್ದನೆಯ ಕಡ್ಡಿಗೆ ಕಟ್ಟುತ್ತಾರೆ, ಗಂಡಸರು ಆ ಕಡ್ಡಿಗಳನ್ನು ಬ್ಯಾರನ್ ಅನ್ನುವ ಬೇಯಿಸುವ ಮನೆಯೊಳಗೆ ಏರಿಸಿ ಸೌದೆ ಉರಿ ಕೊಡುತ್ತಾರೆ. ಬಂದ ಮಾರನೇ ದಿನವೇ ನಾನೂ ಆ ಸಾಲಿನಲ್ಲಿ ಕೂತೆ. ಕೈಯೆಲ್ಲ ಕಪ್ಪು ಅಂಟು. ಒಬ್ಬೊಬ್ಬರಾಗಿ ಶುರುಮಾಡಿದರು. ಒಬ್ಬರಿಗೆ ಬಿಪಿ, ಒಬ್ಬರಿಗೆ ಗ್ಯಾಸ್ಟ್ರಿಕ್, ಇನ್ನೊಬ್ಬರ ಸೊಸೆಗೆ ಬಸಿರು ನಿಲ್ಲುತ್ತಿಲ್ಲ. ನಾನು ಡಾಕ್ಟರಲ್ಲ ಕಣ್ರಮ್ಮ ಅಂತ ಕೂಗಿಯೇಬಿಟ್ಟೆ.

‘ಇವ್ಳಿಗೆ ಫೀಸ್ ಕೊಡ್ನಿಲ್ಲ ಅಂತ ಸಿಟ್ಟು ಕಣ್ರೇ’ ಅಂತ ಒಬ್ಬಳು ಅಂದಳು. ಚಪ್ಪರವೆಲ್ಲ ನಕ್ಕಿತು.

ನಗದವಳು ಅತ್ತೆ ಒಬ್ಬಳೇ. ಅಪ್ಪನ ಅಕ್ಕ. ಮದುವೆಯಾಗಿ ಕೆ.ಆರ್. ನಗರದ ಕಡೆ ಮಿರ್ಲೆಗೆ ಹೋಗಿದ್ದವಳು. ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದ್ದರಿಂದ, ತವರಿಗೆ ವಾಪಸು ಬಂದು ನಮ್ಮ ಜೊತೆಯಲ್ಲೇ ಇದ್ದಳು. ನನ್ನನ್ನು ಎತ್ತಿ ಆಡಿಸಿದವಳೂ ಅವಳೇ, ಬೆನ್ನಿಗೆ ಗುದ್ದಿದವಳೂ ಅವಳೇ. ಬಾಯಿ ಬಲು ಜೋರು. ಆ ಬಾರಿ ಮಾತ್ರ ಸುಮ್ಮನೆ ಎಲೆ ಕಟ್ಟುತ್ತಿದ್ದಳು. ಎಲ್ಲರೂ ಊಟಕ್ಕೆ ಎದ್ದಾಗ ನನ್ನ ರಟ್ಟೆ ಹಿಡಿದು ಬಚ್ಚಲುಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಕುಪ್ಪಸದ ಗುಂಡಿ ಬಿಚ್ಚಿ ಎಡಗಡೆ ತೋರಿಸಿದಳು.

‘ಮುಟ್ಟು’ ಅಂದಳು.

ಮುಟ್ಟಿದೆ. ಗಟ್ಟಿಯಾದ ಗಂಟು. ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿತ್ತು. ನನಗೆ ಏನೂ ಗೊತ್ತಿಲ್ಲ ನಿಜ, ಆದರೆ ಇದು ಒಳ್ಳೆಯದಲ್ಲ ಅನ್ನುವುದಕ್ಕೆ ಡಾಕ್ಟರಿಕೆ ಓದಬೇಕಿರಲಿಲ್ಲ.

‘ಯಾವಾಗಿಂದ ಅತ್ತೆ?’

‘ಉಗಾದಿ ದಿನ ಎಣ್ಣೆ ನೀರು ಹಾಕ್ಕೊಂಡ್ನಲ್ಲ, ಆವಾಗ ಕೈಗೆ ಸಿಕ್ತು. ಆಗ ಹುಣಸೆಬೀಜದಷ್ಟಿತ್ತು.’

‘ಉಗಾದಿಯಿಂದ? ಯಾರಿಗೂ ಹೇಳ್ಲಿಲ್ವಾ?’

‘ಯಾರ್ಗೇಳ್ಲಿ? ನಿಮ್ಮಪ್ಪಂಗೆ ಹೇಳೋ ಮಾತಾ ಇದು? ಆಸ್ಪತ್ರೇಲಿ ಗಂಡು ಡಾಕ್ಟ್ರು. ನಿಮ್ಮವ್ವಂಗೆ ಹೇಳಿದ್ರೆ ಊರೆಲ್ಲ ಸಾರ್ತಾಳೆ. ಮನೇಲೇ ಡಾಕ್ಟ್ರು ಇದ್ದಾಳಲ್ಲ, ರಜಕ್ಕೆ ಬತ್ತಾಳೆ, ತೋರಿಸ್ದ್ರಾಯ್ತು ಅಂತ ಸುಮ್ಕಿದ್ದೆ.’

‘ಅತ್ತೆ, ನಾನು ಡಾಕ್ಟರಲ್ಲ.’

‘ಗೊತ್ತು ಬುಡು, ಇನ್ನೂ ಪೂರ್ತಿ ಆಗಿಲ್ಲ. ಎರಡು ವರ್ಸ ಓದಿದ್ದೀಯಲ್ಲ, ಅಷ್ಟು ಸಾಕು. ಏನಾರ ಮಾತ್ರೆ ಬರ್ಕೊಡು.’

ನಾನು ಅಲ್ಲೇ ಹಂಡೆಯ ಪಕ್ಕ ಕುಸಿದು ಕೂತು ಅಳುತ್ತ ಹೇಳಿದೆ. ಒಂದು ದಿನವೂ ಆ ಕ್ಲಾಸಿಗೆ ಹೋಗಿಲ್ಲ, ಒಂದು ಮಾತ್ರೆಯ ಹೆಸರೂ ಗೊತ್ತಿಲ್ಲ, ನಾನು ಓದುವುದು ದೇಶಗಳ ವಿಷಯ, ಅವು ಯಾಕೆ ಜಗಳ ಆಡುತ್ತವೆ, ಹೇಗೆ ರಾಜಿಯಾಗುತ್ತವೆ ಅನ್ನುವುದು. ಅತ್ತೆ ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ನನ್ನನ್ನೇ ನೋಡಿದಳು. ಮೊದಲ ಬಾರಿಗೆ ಒಬ್ಬರು ನನ್ನ ಮಾತು ನಂಬಿದರು.

‘ಅಂಗಾದ್ರೆ ನಾನು ಇಷ್ಟು ದಿನ ಯಾರ್ಗೆ ಕಾದೆ?’ ಅಂದಳು.

ಅತ್ತೆ ಕೋಪದಿಂದ ಸೆರಗು ಎಳೆದುಕೊಂಡು ಹೋಗಿ ಮತ್ತೆ ಎಲೆ ಕಟ್ಟಲು ಕೂತಳು. ಸಂಜೆಯವರೆಗೂ ನನ್ನ ಕಡೆ ತಿರುಗಲಿಲ್ಲ. ಆಸ್ಪತ್ರೆಗೆ ಬರುವುದಿಲ್ಲ ಅಂತ ಎರಡು ದಿನ ಹಟ ಮಾಡಿದಳು. ಬ್ಯಾರನ್ ತುಂಬಿದೆ, ಆಳು ಸಿಗಲ್ಲ, ಇದು ಮುಗೀಲಿ ಅನ್ನುವುದು ಅವಳ ನೆಪ. ಬರದಿದ್ದರೆ ಅಪ್ಪನಿಗೆ ಚಪ್ಪರದಲ್ಲೇ ಎಲ್ಲರ ಮುಂದೆ ಹೇಳುತ್ತೇನೆ ಅಂತ ಹೆದರಿಸಿದೆ. ಬಾಯಿಗೆ ಬಂದದ್ದು ಬೈಯುತ್ತ ಸೀರೆ ಬದಲಾಯಿಸಿದಳು. ಪೇಟೆ ಕೆಲಸ ಇದೆ ಅಂತ ಮನೆಯಲ್ಲಿ ಹೇಳಿ ಬೆಳಗಿನ ಬಸ್ಸಿಗೆ ಮೈಸೂರಿಗೆ ಹೋದೆವು.

ಅಲ್ಲಿ ಪುಣ್ಯಕ್ಕೆ ಲೇಡಿ ಡಾಕ್ಟರ್ ಇದ್ದರು. ಚಿಕ್ಕ ವಯಸ್ಸು, ಅವರೂ ನಿದ್ದೆಗೆಟ್ಟವರ ಹಾಗಿದ್ದರು. ನೋಡಿ ಮುಗಿಸಿ, ‘ಯಾವಾಗಿಂದ ಇದೆಯಮ್ಮ?’ ಅಂತ ಕೇಳಿದರು.

‘ಹೋದ್ವಾರ ಕಂಡಿದ್ದು ಕಣವ್ವ’ ಅಂದಳು ಅತ್ತೆ.

ನಾನು ಬೆಚ್ಚಿಬಿದ್ದೆ. ಅವಳು ಮೇಜಿನ ಕೆಳಗೆ ನನ್ನ ಕೈ ಅದುಮಿದಳು. ಯಾರ ಮೇಲೂ ಮಾತು ಬರಬಾರದು ಅಂತ ಹಾಗೆ ಹೇಳಿದ್ದಳು, ನನಗೆ ಅಷ್ಟು ಅರ್ಥವಾಯಿತು. ಸಾಕಾಗಿತ್ತು ನನಗೆ. ಎಲ್ಲರೂ ಎಲ್ಲರ ಮಾನ ಕಾಯಲು ಹೋಗಿ ಬಂದದ್ದೇ ಇಲ್ಲಿಗೆ.

‘ಉಗಾದಿಯಿಂದ ಇದೆ ಮೇಡಂ’ ಅಂದೆ.

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. ‘ಆಗಲೇ ಯಾಕೆ ಬರಲಿಲ್ಲ? ನೀವು ಓದಿದವರ ಹಾಗೆ ಕಾಣ್ತೀರಲ್ಲಮ್ಮ.’

ಅತ್ತೆ ತಟ್ಟನೆ, ‘ಅವ್ಳಿಗ್ಯಾಕ್ ಬಯ್ತೀರಿ? ಅವ್ಳು ಊರಲ್ಲೇ ಇರ್ನಿಲ್ಲ’ ಅಂದಳು.

ಪರೀಕ್ಷೆಗಳೆಲ್ಲ ಮುಗಿದು ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಅಪ್ಪನಿಗೆ ನಾನೇ ಹೇಳಿದೆ. ಮುಚ್ಚಿಡದೆ ಹೇಳಿದೆ. ಕಾಯಿಲೆ ಏನು, ಎಲ್ಲಿಯವರೆಗೆ ಹರಡಿದೆ, ಅತ್ತೆ ಯಾಕೆ ಸುಮ್ಮನಿದ್ದಳು, ಎಲ್ಲ. ಬ್ಯಾರನ್ನಿನ ಒಲೆಯ ಮುಂದೆ ಕೂತಿದ್ದ ಅಪ್ಪ ಕೈಯಲ್ಲಿದ್ದ ಸೌದೆಯನ್ನು ಒಳಗೆ ತಳ್ಳಿದ. ಆಮೇಲೆ ಇನ್ನೊಂದು ತಳ್ಳಿದ. ಉರಿ ಜಾಸ್ತಿಯಾಗಿ ಸೊಪ್ಪು ಕೆಡುತ್ತದೆ ಅಂತ ನಾನು ಅವನ ಕೈ ಹಿಡಿಯಬೇಕಾಯಿತು. ಅವನು ಒಂದು ಮಾತೂ ಆಡಲಿಲ್ಲ. ಊರಿನಲ್ಲೂ ಆಡಲಿಲ್ಲ. ‘ಮಗಳೇ ಡಾಕ್ಟ್ರು, ಅವ್ಳೇ ಕರ್ಕೊಂಡೋಗಿ ತೋರಿಸ್ತಾವ್ಳೆ’ ಅಂತ ಜನ ಅಂದಾಗಲೂ ಅವನು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಆಚೆ ಹೋಗುತ್ತಿದ್ದ.

ಆಗಸ್ಟ್ ಪೂರ್ತಿ ನಾನು, ಅತ್ತೆ ಮೈಸೂರಿನ ಆಸ್ಪತ್ರೆಯ ಬೆಂಚುಗಳ ಮೇಲೆ ಕಳೆದೆವು. ಬಾಟಲಿಯಿಂದ ಔಷಧಿ ಹನಿಹನಿಯಾಗಿ ಇಳಿಯುವಾಗ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ. ಸಿಟ್ಟು ಇಳಿದಿತ್ತು, ಬಾಯಿ ವಾಪಸು ಬಂದಿತ್ತು.

‘ಅದೇನು ಓದ್ತೀಯ ಅಂದ್ಯಲ್ಲ, ಸರ್ಯಾಗಿ ಹೇಳೇ. ನಿನ್ನ ನೆಚ್ಕೊಂಡು ಕೆಟ್ಟಿದ್ದೀನಿ, ಏನಕ್ಕೆ ಕೆಟ್ಟೆ ಅಂತಾದ್ರೂ ಗೊತ್ತಾಗ್ಲಿ’ ಅಂದಳು.

ನಾನು ಹೇಳಿದೆ. ಮೊದಲು ಬೇಜಾರಿನಿಂದ, ಆಮೇಲೆ ಖುಷಿಯಿಂದ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ತಡವರಿಸಿದ್ದನ್ನೆಲ್ಲ ಅವಳಿಗೆ ಕನ್ನಡದಲ್ಲಿ ಹೇಳಿದೆ. ದೇಶಗಳೆಲ್ಲ ಸೇರುವ ದೊಡ್ಡ ಸಭೆಯೊಂದಿದೆ, ಒಂದು ದೇಶ ಇನ್ನೊಂದರ ಮೇಲೆ ಬಿದ್ದರೆ ಆ ಸಭೆ ಖಂಡಿಸುತ್ತದೆ ಅಂದೆ.

‘ಖಂಡಿಸಿದ್ಮೇಲೆ?’

‘ಅವ್ರು ಕೇಳ್ದಿದ್ರೆ ಮತ್ತೆ ಖಂಡಿಸ್ತಾರೆ.’

‘ಆಗ್ಲೂ ಕೇಳ್ದಿದ್ರೆ?’

‘ಇನ್ನೂ ಜೋರಾಗಿ ಖಂಡಿಸ್ತಾರೆ.’

‘ಥೂ! ಇದ್ಕಾ ನಿಮ್ಮಪ್ಪ ಫೀಸ್ ಕಟ್ತಿರೋದು?’ ಅಂತ ಅವಳು ನಕ್ಕ ನಗುವಿಗೆ ಪಕ್ಕದ ಮಂಚದವರು ತಿರುಗಿ ನೋಡಿದರು. ನರ್ಸು ಬಂದು ಗದರಿದಳು.

ಮುಳುಗುವ ದ್ವೀಪದ ಕತೆ ಅವಳಿಗೆ ತುಂಬ ಹಿಡಿಸಿತು. ಕಾಫಿಗೆ ಎದ್ದು ಹೋದವರನ್ನು ಹೆಸರು ಕೇಳಿ ಕೇಳಿ ಬೈದಳು. ಮೇಡಂ ಬಿಟ್ಟುಬಂದ ಮನೆಯ ವಿಷಯ ಹೇಳಿದಾಗ ಮಾತ್ರ ಯಾರನ್ನೂ ಬೈಯಲಿಲ್ಲ. ‘ಆಯಮ್ಮಂಗೆ ಅವ್ರವ್ವ ಇದ್ದಾರಾ?’ ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ‘ಈ ಸಲ ಹೋದಾಗ ಕೇಳು’ ಅಂದಳು. ಕೂದಲು ಉದುರಿದ ತಲೆಗೆ ಟವೆಲ್ ಸುತ್ತಿಕೊಂಡು, ಮುಂದಿನ ಸಲ ಬರುವಾಗ ಇನ್ನೂ ಏನು ಓದಿರುತ್ತೀಯ ಅಂತ ವಿಚಾರಿಸಿಕೊಂಡಳು. ನನ್ನ ಓದಿನ ಬಗ್ಗೆ ಆ ಮನೆಯಲ್ಲಿ ಹಾಗೆ ಕೇಳಿದವರು ಯಾರೂ ಇರಲಿಲ್ಲ. ನಾನೂ ಅದುವರೆಗೆ ಡಾಕ್ಟರಲ್ಲ ಅನ್ನುವುದನ್ನು ಬಿಟ್ಟು ಬೇರೆ ಏನನ್ನೂ ಯಾರಿಗೂ ಕೂತು ಹೇಳಿರಲಿಲ್ಲ.

ಸೆಪ್ಟೆಂಬರಿನಲ್ಲಿ ನಾನು ವಾಪಸು ಹೋದೆ. ಹೋಗುವುದಿಲ್ಲ ಅಂದಿದ್ದೆ, ಅವಳೇ ಅಟ್ಟಿದಳು. ಫೋನಿನಲ್ಲಿ ದಿನಾ ಮಾತಾಡುತ್ತಿದ್ದಳು. ಡಿಸೆಂಬರಿನ ಹೊತ್ತಿಗೆ ವಾರಕ್ಕೊಮ್ಮೆ ಆಯಿತು, ಆಮೇಲೆ ಅಮ್ಮನೇ ಅವಳ ಕಿವಿಗೆ ಫೋನ್ ಹಿಡಿಯುವುದಾಯಿತು. ಶಿವರಾತ್ರಿಗೆ ಮುಂಚೆ ಹೋಗಿಬಿಟ್ಟಳು. ಬಂದರೂ ಮಣ್ಣಿಗೆ ಸಿಗೋದಿಲ್ಲ, ಪರೀಕ್ಷೆ ಬರಿ ಅಂತ ಅಪ್ಪ ಅಂದ. ಹೊರಗೆ ಹಿಮ ಬೀಳುತ್ತಿತ್ತು. ನಾನು ಹಾಸ್ಟೆಲಿನ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಬಿಟ್ಟು ಅಳುತ್ತ ಕೂತೆ.

ತಿಥಿಯ ದಿನ ಅಮ್ಮ ವಿಡಿಯೋ ಕಾಲ್ ಮಾಡಿದಳು. ನಾನು ಕಾಲೇಜಿನ ಮೆಟ್ಟಿಲ ಮೇಲೆ ಕೂತು ನೋಡಿದೆ. ಎಲೆ ಕಟ್ಟುವ ಚಪ್ಪರದಲ್ಲೇ ಎಡೆ ಇಟ್ಟಿದ್ದರು. ಅತ್ತೆಯ ಫೋಟೊಗೆ ಹಾರ, ಮುಂದೆ ಅವಳಿಗೆ ಇಷ್ಟವಾದ ಕಜ್ಜಾಯ. ಪಂಕ್ತಿಯಲ್ಲಿ ಕೂತವರಿಗೆ ಅಮ್ಮ ಫೋನ್ ತೋರಿಸುತ್ತ ಹೋದಳು. ಮಿರ್ಲೆಯಿಂದ ಬಂದಿದ್ದ ಯಾರೋ ಹಿರಿಯರು ನನ್ನ ಮುಖ ನೋಡಿ ದೊಡ್ಡದಾಗಿ ನಿಟ್ಟುಸಿರು ಬಿಟ್ಟರು.

‘ಏನ್ ಮಾಡದು. ಮನೇಲೇ ಡಾಕ್ಟ್ರಿದ್ದೂ ಉಳಿಸ್ಕೊಳ್ಳಕ್ಕಾಗ್ನಿಲ್ಲ.’

ಪಕ್ಕದವರು ‘ಹೂಂ ಕಣಪ್ಪ’ ಅಂದರು. ಸಾರು ಬಡಿಸುತ್ತಿದ್ದ ಅಪ್ಪ ಅಲ್ಲೇ ನಿಂತುಬಿಟ್ಟ. ಬಕೆಟ್ಟನ್ನು ನೆಲಕ್ಕಿಟ್ಟ.

‘ಅವ್ಳು ಡಾಕ್ಟ್ರಲ್ಲ’ ಅಂದ.

ಯಾರಿಗೂ ಕೇಳಿಸಲಿಲ್ಲವೇನೋ ಅಂತ ಇನ್ನೂ ಜೋರಾಗಿ ಹೇಳಿದ. ‘ನನ್ ಮಗಳು ಡಾಕ್ಟ್ರಲ್ಲ ಕಣ್ರಪ್ಪ. ಯಾವತ್ತೂ ಆಗಿರ್ನಿಲ್ಲ. ಮೊದಲ್ನೇ ದಿನಾನೇ ಹೇಳಿದ್ಲು. ನಾನೇ ಸುಮ್ಕಿದ್ದೆ. ನಮ್ಮಕ್ಕ ಅದ್ನೇ ನಂಬ್ಕೊಂಡು ಕೂತಿದ್ಲು.’

ಎಲೆಯ ಮೇಲಿನ ಕೈಗಳು ನಿಂತವು. ಅಪ್ಪ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ. ಅವನು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು, ಅದೂ ಅಂಗೈ ಅಗಲದ ಗಾಜಿನ ಮೇಲೆ. ಆ ಹಿರಿಯರು ಮೆಲ್ಲಗೆ ಕೇಳಿದರು.

‘ಮತ್ತೆ ಇನ್ನೇನಪ್ಪ ಓದ್ತಾವ್ಳೆ?’

ಅಪ್ಪ ಉತ್ತರ ಹೇಳಲು ತಲೆ ಎತ್ತಿದ. ಅಮ್ಮನ ಕಡೆ ನೋಡಿದ. ಅಮ್ಮ ಅವನನ್ನು ನೋಡಿದಳು. ಮೆಡಿಕಲ್ ಅಲ್ಲ ಅನ್ನುವುದು ಬಿಟ್ಟರೆ ಅವರಿಬ್ಬರಿಗೂ ಏನೂ ಗೊತ್ತಿರಲಿಲ್ಲ. ಊರಲ್ಲಿ ಗೊತ್ತಿದ್ದವಳು ಅತ್ತೆ ಒಬ್ಬಳೇ.